ಗೋವಾದ ಡೈವ್ ಬೋಟಿನಲ್ಲಿ ಟಿಪ್ ಯಾರ ಕೈಗೆ ಕೊಡೋದು?

ಗುರುವಾರ: ಹುಬ್ಬಳ್ಳಿಯಿಂದ ವಾಸ್ಕೋ

ಅಕ್ಕನ ಮಗ ಹ್ಯೂಸ್ಟನ್‌ನಿಂದ ರಜೆಗೆ ಬಂದಿದ್ದ. ಫೆಬ್ರವರಿ ತಿಂಗಳು, ಬಿಸಿಲು ಇನ್ನೂ ಜೋರಾಗಿರಲಿಲ್ಲ. ಬಾದಾಮಿ, ಹಂಪಿ ಅಂತ ಭಾವ ಪ್ಲಾನ್ ಹಾಕಿದ್ದರು, ಇವನು ಮಾತ್ರ ಗೋವಾಕ್ಕೆ ಹೋಗಿ ಸ್ಕೂಬಾ ಮಾಡೋಣ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗೋಣ ಅಂತ ಹಟ ಹಿಡಿದ. ಅವನಿಗೆ ಲೈಸೆನ್ಸ್ ಇದೆ, ಅಂದರೆ ಪ್ಯಾಡಿ ಅನ್ನೋ ಡೈವಿಂಗ್ ಸಂಸ್ಥೆಯ ಓಪನ್ ವಾಟರ್ ಕಾರ್ಡು, 18 ಮೀಟರ್ ತನಕ ಇಳಿಯಬಹುದು. ನಮಗೆ ಏನೂ ಇಲ್ಲ. ಭಾವನಿಗಂತೂ ಈಜು ಬಂದರೂ ಕೆರೆಯ ಈಜು, ಸಮುದ್ರದ್ದಲ್ಲ.

ರೈಲು ಲೋಂಡಾ ದಾಟಿ ಕ್ಯಾಸಲ್ ರಾಕ್‌ನಲ್ಲಿ ಸ್ವಲ್ಪ ಹೊತ್ತು ನಿಂತಿತು. ಅಲ್ಲಿಂದ ಕುಳೆಂ ತನಕದ ಘಾಟ್ 37 ಅಡಿಗೆ ಒಂದು ಅಡಿ ಇಳಿಯುತ್ತೆ, ಹಳಿಗೆ ಇದು ತುಂಬ ಕಡಿದು. ದೂಧಸಾಗರದಲ್ಲಿ ನೀರು ತೆಳ್ಳಗಾಗಿತ್ತು, ಆದರೂ ಡಬ್ಬಿಯಲ್ಲಿದ್ದವರೆಲ್ಲ ಒಂದೇ ಕಡೆ ಬಂದು ಕಿಟಕಿಗೆ ಮುಗಿಬಿದ್ದರು. ಅಕ್ಕ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಬಿಚ್ಚಿದಳು.

ಜಗಳ ಶುರುವಾಗಿದ್ದು ಊಟದ ಮೇಲೆ. ಅಳಿಯ ಪರ್ಸಿನಿಂದ ನೂರು, ಇನ್ನೂರರ ನೋಟಿನ ಕಟ್ಟು ತೆಗೆದು ಎಣಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡ. ಏನಿದು ಅಂತ ಭಾವ ಕೇಳಿದರು. ಬೋಟಿನವರಿಗೆ ಟಿಪ್ ಅಂದ.

"ಟಿಕೆಟ್ ರೊಕ್ಕ ಕೊಡಂಗಿಲ್ಲೇನು? ಮತ್ತ ಮ್ಯಾಲೆ ಯಾಕ?"

ಅಳಿಯ ಅಲ್ಲಿಯ ಲೆಕ್ಕ ಹೇಳಿದ. ಫ್ಲೋರಿಡಾದಲ್ಲಿ ಡೈವ್ ಬೋಟ್ ಹತ್ತಿದರೆ ಒಂದು ಸಿಲಿಂಡರಿಗೆ ಐದರಿಂದ ಹತ್ತು ಡಾಲರ್ ಟಿಪ್ ಕೊಡೋದು ರೂಢಿ. ಬೆಳಿಗ್ಗೆ ಎರಡು ಡೈವ್ ಮಾಡಿದರೆ ಹತ್ತೋ ಇಪ್ಪತ್ತೋ ಡಾಲರ್. ವಾಪಸ್ ಬರುವಾಗ ಒಂದು ಬಕೆಟ್ ಕಾಣುತ್ತೆ, ಅದಕ್ಕೆ ಹಾಕಬೇಕು, ಹಾಕದವನನ್ನು ಯಾರೂ ಬೈಯೋದಿಲ್ಲ, ಆದರೆ ಎಲ್ಲರೂ ನೋಡಿರುತ್ತಾರೆ. ಅಲ್ಲಿ ಎಷ್ಟೋ ಬೋಟುಗಳಲ್ಲಿ ಕೆಲಸದ ಹುಡುಗರ ಸಂಪಾದನೆಯ ದೊಡ್ಡ ಪಾಲು ಇದೇ. ಹೋಟೆಲ್ ಸಪ್ಲೈಯರ್‌ನಂಥ ಟಿಪ್ ಬರುವ ಕೆಲಸಕ್ಕೆ ಅಮೆರಿಕದ ಕೇಂದ್ರ ಕಾನೂನು ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿಯನ್ನು ಗಂಟೆಗೆ 2.13 ಡಾಲರ್ ಅಂತ ಇಟ್ಟಿದೆ, 1991ರಿಂದ ಅದು ಏರಿಲ್ಲ. ಉಳಿದದ್ದನ್ನು ಗಿರಾಕಿ ತುಂಬಬೇಕು ಅನ್ನೋ ಲೆಕ್ಕ.

ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಅವನು ಒಂದು ವಾರ ಬೋಟಿನಲ್ಲೇ ಉಳಿದು ಡೈವ್ ಮಾಡಿದ್ದನಂತೆ. ಅಲ್ಲಿ ಟ್ರಿಪ್ಪಿನ ಬೆಲೆಯಲ್ಲಿ ಶೇಕಡಾ 10ರ ಆಸುಪಾಸು, ಕೊನೆಯ ರಾತ್ರಿ ಲಕೋಟೆಯಲ್ಲಿ. ಅಡುಗೆಯವನಿಂದ ಹಿಡಿದು ಎಂಜಿನ್ ನೋಡುವವನ ತನಕ ಹಂಚಿಕೆ ಆಗುತ್ತೆ. ಆಸ್ಟ್ರೇಲಿಯಾದಲ್ಲಿ ಯಾರೂ ನಿರೀಕ್ಷೆ ಮಾಡೋದಿಲ್ಲ, ಜಪಾನಿನಲ್ಲಂತೂ ಕೊಡೋಕೆ ಹೋದರೆ ಕಕ್ಕಾಬಿಕ್ಕಿ ಆಗ್ತಾರೆ.

"ಹಂಗಾದ್ರ ನಾವು ಆಸ್ಟ್ರೇಲಿಯಾದವ್ರು ಅಂತ ತಿಳ್ಕೋ" ಅಂತ ಹೇಳಿ ಭಾವ ಮೇಲಿನ ಬರ್ತ್ ಹತ್ತಿ ಮಲಗಿದರು.

ವಾಸ್ಕೋದಲ್ಲಿ ಇಳಿದಾಗ ಕತ್ತಲಾಗಿತ್ತು. ಲಾಡ್ಜ್, ಸ್ನಾನ, ಬಂಗುಡೆ ಫ್ರೈ, ನಿದ್ದೆ.

ಶುಕ್ರವಾರ: ಹಾಡು, ಬಿಯರ್, ಬಕೆಟ್

ಮೊದಲ ದಿನದ ಬುಕಿಂಗ್ ಭಾವನದು. ಫೋನಿನಲ್ಲಿ ಸಿಕ್ಕ ಅಗ್ಗದ ಪ್ಯಾಕೇಜು: ಗ್ರಾಂಡೆ ದ್ವೀಪ, ಡಾಲ್ಫಿನ್, ಸ್ಕೂಬಾ, ಊಟ, ಬಿಯರ್ ಎಲ್ಲ ಸೇರಿ ತಲೆಗೆ 1,800 ರೂಪಾಯಿ. ದ್ವೀಪ ಇರೋದು ವಾಸ್ಕೋದ ಕಡೆಗೇ, ಮುರ್ಮುಗೋವಾ ಬಂದರಿನಿಂದ ಆಚೆ ಸಮುದ್ರದಲ್ಲಿ. ಆದರೆ ಬೋಟು ಹೊರಡೋದು ಉತ್ತರ ಗೋವಾದಿಂದ. ಹಾಗಾಗಿ ಬೆಳಿಗ್ಗೆ ಬೇಗ ಎದ್ದು ಟ್ಯಾಕ್ಸಿ ಹಿಡಿದು, ಜುವಾರಿಯ ಹೊಸ ಸೇತುವೆ ದಾಟಿ, ಪಣಜಿ ದಾಟಿ, ಮಾಂಡೋವಿಯ ಆ ದಡಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ಮತ್ತೆ ನಾವು ಹೊರಟ ಊರಿನ ಕಡೆಗೇ ಬಂದೆವು. ಅಗ್ಗದ ಪ್ಯಾಕೇಜು ಅಂದರೆ ಹೀಗೇ.

ಬೋಟು ತುಂಬಿ ತುಳುಕುತ್ತಿತ್ತು. ಅಗ್ವಾಡ ಕೋಟೆ ದಾಟುವಾಗಲೇ ಹಿಂದಿ ಹಾಡು ಶುರು. ಡಾಲ್ಫಿನ್ ಬೆನ್ನು ಕಂಡಿತು, ಕೂಗಾಟದಲ್ಲಿ ಅದು ಮತ್ತೆ ಮೇಲೆ ಬರಲಿಲ್ಲ. ಅಕ್ಕ ಅವೊಮಿನ್ ಮಾತ್ರೆ ತಗೊಂಡಿದ್ದಳು, ಆರಾಮಾಗಿದ್ದಳು. ಮಾತ್ರೆ ಬೇಡ ಅಂದವರು ಅರ್ಧ ದಾರಿಯಲ್ಲಿ ಕಟಾಂಜನ ಹಿಡಿದು ಬಗ್ಗಿದರು.

ದ್ವೀಪದ ಪಕ್ಕ ಲಂಗರು ಹಾಕಿ, ಸಿಲಿಂಡರ್ ಇಟ್ಟಿದ್ದ ಇನ್ನೊಂದು ಬೋಟಿಗೆ ನಮ್ಮನ್ನು ದಾಟಿಸಿದರು. ಅಲ್ಲಿ ಸಾಲು. ವಯಸ್ಸೆಷ್ಟು, ಬಿಪಿ ಇದೆಯಾ, ಅಸ್ತಮಾ ಇದೆಯಾ ಅಂತ ಯಾರೂ ಕೇಳಲಿಲ್ಲ. ಭಾವನಿಗೆ ಐವತ್ತೆಂಟು ವರ್ಷ, ದಿನಾ ಬಿಪಿ ಮಾತ್ರೆ. ಬಾಯಲ್ಲಿ ಉಸಿರಾಡಿ, ಕಿವಿ ನೋವಾದರೆ ಮೂಗು ಹಿಡಿದು ಊದಿ, ಅಷ್ಟೇ ಪಾಠ. ಅದೂ ಹಾಡಿನ ಗದ್ದಲದಲ್ಲಿ.

ಇಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನೀರಿಗೆ ಇಳಿದು, ಕುತ್ತಿಗೆ ತನಕ ಮುಳುಗಿ, ಬೆನ್ನ ಮೇಲೆ ಭಾರ, ಬಾಯಲ್ಲಿ ರಬ್ಬರ್, ಎದೆಯಲ್ಲಿ ಡವಡವ. ಆ ಹೊತ್ತಿಗೆ ನನ್ನ ಸಿಲಿಂಡರಿನ ಕುತ್ತಿಗೆ ಹಿಡಿದುಕೊಂಡಿದ್ದ ಇನ್‌ಸ್ಟ್ರಕ್ಟರ್ ಕಿವಿಯ ಹತ್ತಿರ ಬಂದು ಹಿಂದಿಯಲ್ಲಿ ಹೇಳಿದ: ಸರ್, ನಮ್ಮನ್ನು ಸ್ವಲ್ಪ ನೋಡಿಕೊಳ್ಳಿ, ವಿಡಿಯೋ ಚೆನ್ನಾಗಿ ಮಾಡ್ತೀನಿ, ಟೈಮೂ ಜಾಸ್ತಿ ಕೊಡ್ತೀನಿ. ನನ್ನ ಗಾಳಿ ಅವನ ಕೈಯಲ್ಲಿದೆ. ಆಗ ಇಲ್ಲ ಅನ್ನೋಕೆ ಯಾರಿಗೆ ಧೈರ್ಯ ಬರುತ್ತೆ? ಇದನ್ನು ಟಿಪ್ ಅಂತ ಕರೆಯೋಕೆ ನನಗಂತೂ ಆಗೋದಿಲ್ಲ. ಕೆಲಸ ಮುಗಿಯೋ ಮುಂಚೆ, ಅದೂ ಹೆದರಿದವನ ಹತ್ತಿರ ಕೇಳೋದು ವಸೂಲಿ.

ಕೆಳಗೆ ನಾಲ್ಕೈದು ಮೀಟರ್ ಆಳ. ಅವನು ಜೇಬಿನಿಂದ ಬ್ರೆಡ್ ತೆಗೆದು ಹಿಸುಕಿದ, ಪಟ್ಟೆ ಪಟ್ಟೆಯ ಸಣ್ಣ ಮೀನುಗಳು ಮುಖಕ್ಕೇ ಮುತ್ತಿದವು. ವಿಡಿಯೋ ಚೆಂದ ಬಂತು, ಸುಳ್ಳು ಹೇಳೋದಿಲ್ಲ. ಬಂಡೆಯಿಂದ ಒಂದು ಸಮುದ್ರ ನಕ್ಷತ್ರವನ್ನು ಕಿತ್ತು ನನ್ನ ಅಂಗೈ ಮೇಲೆ ಇಟ್ಟ. ಅದೂ ವಿಡಿಯೋಗೆ. ಹತ್ತು ನಿಮಿಷ ಆಗೋದರೊಳಗೆ ಮೇಲೆ. ಅಳಿಯ ತನ್ನ ಸರದಿಯಲ್ಲಿ ಇದನ್ನೆಲ್ಲ ನೋಡಿ ಬಂದು ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದ. ನೀರಿನ ಜೀವಿಯನ್ನು ಮುಟ್ಟಬಾರದು, ತಿನ್ನಿಸಬಾರದು ಅನ್ನೋದು ಡೈವಿಂಗ್‌ನಲ್ಲಿ ಮೊದಲು ಕಲಿಸೋ ಪಾಠ ಅಂತೆ. ಬ್ರೆಡ್ಡಿಗೆ ಅಭ್ಯಾಸವಾದ ಮೀನು ಬಂಡೆಯ ಪಾಚಿ ಮೇಯೋದು ಬಿಡುತ್ತೆ, ಪಾಚಿ ಹೆಚ್ಚಾದರೆ ಹವಳಕ್ಕೆ ಕುತ್ತು. ಆದರೆ ಬೋಟಿನಲ್ಲಿ ಜಾಸ್ತಿ ಟಿಪ್ ಬಿದ್ದದ್ದು ಜಾಸ್ತಿ ಬ್ರೆಡ್ ಹಾಕಿದವನಿಗೇ. ನಾವು ಗಿರಾಕಿಗಳೇ ಅದನ್ನು ಕಲಿಸ್ತಾ ಇದ್ದೇವೆ ಅಲ್ವಾ?

ವಾಪಸ್ ಬರುವಾಗ ಹಾಡು ನಿಲ್ಲಿಸಿ ಮೈಕಿನಲ್ಲಿ ಅನೌನ್ಸ್‌ಮೆಂಟ್. ತಲೆಗೆ ಕನಿಷ್ಠ 500 ಅಂತ. ಕೆಂಪು ಬಕೆಟ್ ಒಂದು ಸಾಲಿನಿಂದ ಸಾಲಿಗೆ ಬಂತು. ಹೊಸದಾಗಿ ಮದುವೆಯಾದ ಜೋಡಿಯೊಂದು ಇನ್ನೂರು ಹಾಕಿದ್ದಕ್ಕೆ, ಬಕೆಟ್ ಹಿಡಿದವನು ಅಲ್ಲೇ ನಿಂತುಬಿಟ್ಟ, ಇನ್ನೂ ಮುನ್ನೂರು ಹಾಕೋ ತನಕ. ನೋಟು ಇಲ್ಲ ಅಂದವರಿಗೆ ಕ್ಯೂಆರ್ ಕೋಡ್ ತೋರಿಸಿದರು. ಅಳಿಯ ಸುಮ್ನೆ ಸ್ಕ್ಯಾನ್ ಮಾಡಿ ನೋಡಿದ. ದಡದ ಹತ್ತಿರ ಬಂದಿದ್ದರಿಂದ ನೆಟ್‌ವರ್ಕ್ ಸಿಕ್ಕಿತು, ತೆರೆದದ್ದು ಬೋಟ್ ಕಂಪನಿಯ ಖಾತೆ.

ನಾವು ಎಷ್ಟು ಕೊಟ್ಟೆವು? ಭಾವ ಸೊನ್ನೆ. ನಾನು ನೂರು, ಅದೂ ಬಕೆಟ್ಟಿಗಲ್ಲ, ಬೋಟಿನಿಂದ ಬೋಟಿಗೆ ದಾಟುವಾಗ ಅಕ್ಕನ ಕೈ ಹಿಡಿದು ಇಳಿಸಿದ ವಯಸ್ಸಾದ ಖಲಾಸಿಗೆ, ಅಂದರೆ ಬೋಟಿನ ಕೆಲಸದಾಳಿಗೆ. ಅವನು ಬಕೆಟ್ ಕಡೆ ತಿರುಗಿಯೂ ನೋಡಿರಲಿಲ್ಲ.

ಶನಿವಾರ: ಬೇಡ ಅಂದವರ ಬೋಟು

ಎರಡನೇ ಬುಕಿಂಗ್ ಅಳಿಯನದು. ವಿಮಾನ ನಿಲ್ದಾಣದ ಆಚೆ ಬೊಗ್ಮಾಲೋ ಕಡೆಯ ಸಣ್ಣ ಡೈವ್ ಸೆಂಟರು. ಬೆಲೆ ಕೇಳಿ ಭಾವನ ಕಣ್ಣು ನೆತ್ತಿಗೇರಿತು, ತಲೆಗೆ 6,000. ಹೊಸಬರಿಗೆ ಮುಳುಗೋ ಆಳಕ್ಕೆ ಮಿತಿ 12 ಮೀಟರ್, ಅದಕ್ಕಿಂತ ಕೆಳಗೆ ಒಯ್ಯೋದಿಲ್ಲ ಅಂತ ಫೋನಿನಲ್ಲೇ ಹೇಳಿದ್ದರು.

ಹೋದ ತಕ್ಷಣ ಕೈಗೆ ಫಾರ್ಮ್ ಕೊಟ್ಟರು. ಆರೋಗ್ಯದ ಪ್ರಶ್ನೆಗಳು. ವಯಸ್ಸು 45 ದಾಟಿದೆಯಾ, ರಕ್ತದೊತ್ತಡ ಇದೆಯಾ. ಭಾವ ಪ್ರಾಮಾಣಿಕರು, ಎರಡಕ್ಕೂ ಹೌದು ಅಂತ ಬರೆದರು. ಅಷ್ಟೇ, ಡಾಕ್ಟರ ಸಹಿ ಇಲ್ಲದೆ ನೀರಿಗೆ ಇಳಿಸೋದಿಲ್ಲ ಅಂದುಬಿಟ್ಟರು. ನಿನ್ನೆ ಇಳಿದಿದ್ದೀನಿ ಅಂತ ಭಾವ ವಾದ ಮಾಡಿದರು. ಡೈವ್ ಮಾಸ್ಟರ್, ಅಂದರೆ ನೀರೊಳಗೆ ಕರೆದುಕೊಂಡು ಹೋಗೋ ಹುಡುಗಿ, ನಗುನಗುತ್ತಲೇ ತಲೆ ಅಲ್ಲಾಡಿಸಿದಳು. ಬೋಟಿನಲ್ಲಿ ಬರೀ ಕೂತು ಬರೋರ ರೇಟು ತಗೊಂಡು ಉಳಿದ ದುಡ್ಡು ವಾಪಸ್ ಕೊಟ್ಟರು. ನಾಲ್ಕು ಸಾವಿರಕ್ಕೂ ಜಾಸ್ತಿ ಕೈಬಿಟ್ಟು ಹೋಯಿತು ಸೆಂಟರಿನವರಿಗೆ. ಹಾಗಾಗಿ ಅಕ್ಕ, ಭಾವ ಬೋಟಿನಲ್ಲಿ ಕೂರೋರು, ನಾನು ಅಳಿಯ ಮುಳುಗೋರು.

ಬೀಚಿನಿಂದ ಬೋಟಿಗೆ ಸಾಮಾನು ಸಾಗಿಸೋದನ್ನು ಅಲ್ಲೇ ನಿಂತು ನೋಡಿದೆ. ಒಂದು ಅಲ್ಯುಮಿನಿಯಂ ಸಿಲಿಂಡರ್ ಖಾಲಿ ಇದ್ದಾಗಲೇ ಸುಮಾರು 14 ಕೆಜಿ. 200 ಬಾರ್ ಒತ್ತಡಕ್ಕೆ ತುಂಬಿದ ಮೇಲೆ ಬರೀ ಗಾಳಿಯ ತೂಕವೇ ಎರಡೂವರೆ ಕೆಜಿ ದಾಟುತ್ತೆ. ಬೋಟಿನಲ್ಲಿ ಡೈವ್ ಮಾಡೋರು ಆರು ಜನ, ಜೊತೆಗೆ ಗೈಡ್‌ಗಳು, ಒಬ್ಬೊಬ್ಬರಿಗೆ ಎರಡು ಸಿಲಿಂಡರು, ಮೇಲೆ ಸೊಂಟಕ್ಕೆ ಕಟ್ಟೋ ಸೀಸದ ತೂಕದ ಪೆಟ್ಟಿಗೆ. ಅಷ್ಟನ್ನೂ ಇಬ್ಬರು ಹುಡುಗರು ಉಸುಕಿನಲ್ಲಿ ಕಾಲು ಹೂತುಕೊಂಡು, ಮೊಣಕಾಲು ಅಲೆಯಲ್ಲಿ ದಾಟಿ ಮೇಲಕ್ಕೆ ಎತ್ತಿಟ್ಟರು. ಗಿರಾಕಿಗಳು ಆ ಹೊತ್ತಿನಲ್ಲಿ ಸೆಲ್ಫಿ ತಗೋತಾ ಇದ್ದರು.

ಬೋಟು ಹೊರಟ ಮೇಲೆ ಅಕ್ಕ ಭಾವನಿಗೆ ಏನೋ ಹೇಳಿದಳು, ಅದನ್ನು ಕೇಳಿ ಒಬ್ಬ ಖಲಾಸಿ ಹುಡುಗ ಗಕ್ಕನೆ ತಿರುಗಿದ.

"ಅಕ್ಕಾರ, ಹುಬ್ಬಳ್ಳಿಯವ್ರೇನ್ರಿ?"

"ಹೌದಪಾ. ನಿಂದು?"

"ನಮ್ಮಪ್ಪಂದು ಬಾಗಲಕೋಟಿ ಕಡೆ ರೀ. ನಾ ಹುಟ್ಟಿದ್ದು ಇಲ್ಲೇ, ಬಾಯ್ನಾದಾಗ."

ವಾಸ್ಕೋದ ಬಾಯ್ನಾ, ಜುವಾರಿನಗರ ಈ ಕಡೆಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಮಂದಿ ತಲೆಮಾರುಗಳಿಂದ ಇದ್ದಾರೆ. ಬಂದರಿನ ಕೆಲಸ, ಕಟ್ಟಡದ ಕೆಲಸ, ಈಗ ಬೋಟಿನ ಕೆಲಸ. ಅಲ್ಲಿಂದ ಮುಂದೆ ಅಕ್ಕನಿಗೆ ಸಮುದ್ರ ಕಾಣಲೇ ಇಲ್ಲ, ಆ ಹುಡುಗನ ಮನೆ, ತಂಗಿಯ ಓದು, ಎಲ್ಲ ವಿಚಾರಣೆ ಆಯಿತು. ರೊಟ್ಟಿ ಡಬ್ಬಿ ಅವನ ಕೈಗೆ ಹೋಯಿತು.

ಅರ್ಧ ತಾಸಿನ ಮೇಲೆ ದ್ವೀಪ ಬಂತು. ಅಂದಿನ ಆಸೆ ಸೂಜೀಸ್ ರೆಕ್ ಅನ್ನೋ ಮುಳುಗಿದ ಹಡಗು. ಅಲ್ಲಿಗೆ ಹೋದ ಮೇಲೆ ಡೈವ್ ಮಾಸ್ಟರ್ ಮೊದಲು ತಾನೊಬ್ಬಳೇ ಇಳಿದು ನೋಡಿ ಬಂದಳು, ಬೋಟು ನಡೆಸೋ ತಾಂಡೇಲನ ಜೊತೆ ಕೊಂಕಣಿಯಲ್ಲಿ ಮಾತಾಡಿದಳು, ಸೆಳವು ಜಾಸ್ತಿ ಇದೆ ಇವತ್ತು ಇಲ್ಲಿ ಬೇಡ ಅಂದಳು. ಬೋಟು ತಿರುಗಿಸಿ ಗಾಳಿಗೆ ಮರೆಯಾದ ಶೆಲ್ಟರ್ ಕೋವ್ ಕಡೆಗೆ ಹೋದೆವು. ಪುಣೆಯಿಂದ ಬಂದಿದ್ದ ಇಬ್ಬರು ಹುಡುಗರಿಗೆ ಸಿಟ್ಟು ಬಂತು. ಹಡಗು ನೋಡೋಕೇ ದುಡ್ಡು ಕೊಟ್ಟಿದ್ದು ಅಂತ ಗೊಣಗಿದರು.

ನನ್ನ ಪಾಲಿಗೆ ಆ ಡೈವು ಬೇರೆಯೇ ಲೋಕ. ಮೊದಲು ಸೊಂಟದಾಳದ ನೀರಿನಲ್ಲಿ ಇನ್‌ಸ್ಟ್ರಕ್ಟರ್ ಒಂದೊಂದೇ ಕಲಿಸಿದರು. ಮಾಸ್ಕಿಗೆ ನೀರು ಬಂದರೆ ಮೂಗಿನಿಂದ ಊದಿ ಹೊರಹಾಕೋದು, ಬಾಯಿಂದ ಗಾಳಿ ಕೊಡೋ ರೆಗ್ಯುಲೇಟರ್ ಜಾರಿದರೆ ಹುಡುಕಿ ಹಾಕಿಕೊಳ್ಳೋದು. ಹೆಬ್ಬೆರಳು ಮೇಲೆ ಮಾಡಿದರೆ ಚೆನ್ನಾಗಿದೆ ಅಂತಲ್ಲ, ಮೇಲೆ ಹೋಗೋಣ ಅಂತ, ಇದು ತಲೆಗೆ ಹೋಗೋಕೆ ಸಮಯ ಬೇಕಾಯಿತು. ಒಬ್ಬ ಇನ್‌ಸ್ಟ್ರಕ್ಟರಿಗೆ ನಾನೊಬ್ಬನೇ. ಗೋವಾದ ನೀರು ಅಂಡಮಾನಿನ ನೀರಲ್ಲ, ಎರಡು ನದಿ ಬಂದು ಸೇರೋ ಜಾಗ, ಐದಾರು ಮೀಟರ್ ಕಂಡರೆ ಒಳ್ಳೆಯ ದಿನ ಅಂತಾರೆ. ನಮಗೆ ನಾಲ್ಕು ಕಂಡಿರಬೇಕು. ಅಷ್ಟರಲ್ಲೇ ಒಂದು ಲಯನ್ ಫಿಷ್, ಬಂಡೆ ಸಂದಿನಿಂದ ಬಾಯಿ ತೆರೆದು ನೋಡೋ ಮೊರೆ ಈಲ್, ಬಂಡೆ ಕೆರೆಯುತ್ತಿದ್ದ ಗಿಳಿಮೀನು. ಯಾರೂ ಏನನ್ನೂ ಕಿತ್ತು ಕೈಯಲ್ಲಿ ಇಡಲಿಲ್ಲ. ನಾನು ಒಂದು ಚಿಪ್ಪಿನ ಕಡೆ ಕೈ ಚಾಚಿದೆ, ಇನ್‌ಸ್ಟ್ರಕ್ಟರ್ ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

ನಾವು ಕೆಳಗಿದ್ದಾಗ ಮೇಲೆ ನಡೆದದ್ದು ಗೊತ್ತಾಗಿದ್ದು ಅಕ್ಕನಿಂದ. "ಆ ಹುಡುಗ ಒಂದ್ ಸಲಾನೂ ಕುಂಡ್ರಲಿಲ್ಲ ನೋಡು, ನಿಮ್ಮ ಗುಳ್ಳಿ ಎಲ್ಲಿ ಏಳ್ತಾವ ಅಂತ ಅದನ್ನ ನೋಡ್ಕೋತ ನಿಂತಿದ್ದ. ನಾ ಚಹಾ ಕುಡಿ ಅಂದ್ರೂ ಒಲ್ಲೆ ಅಂದ." ಮೀನುಗಾರರ ಬೋಟೊಂದು ಹತ್ತಿರ ಬಂದಾಗ ತಾಂಡೇಲ ಸೀಟಿ ಊದಿ, ಕೈ ಬೀಸಿ ದೂರ ಕಳಿಸಿದನಂತೆ. ಕೆಳಗಿದ್ದ ನನಗೆ ಇದೇನೂ ಗೊತ್ತಿಲ್ಲ. ನನ್ನ ಮಟ್ಟಿಗೆ ನನ್ನನ್ನು ಕಾಯ್ದವರು ಕಣ್ಣೆದುರಿಗಿದ್ದ ಇನ್‌ಸ್ಟ್ರಕ್ಟರ್ ಒಬ್ಬರೇ.

ಎಲ್ಲ ಕಡೆ ಆಗೋದು ಇದೇ. ಟಿಪ್ ಹೋಗೋದು ಮುಖ ಕಂಡವರಿಗೆ. ಅಕ್ಕ ಆ ಹುಡುಗನಿಂದ ಕೇಳಿಕೊಂಡದ್ದು ಇಷ್ಟು: ಅವನು ಬೀಚಿಗೆ ಬರೋದು ಬೆಳಕು ಹರಿಯೋ ಮುಂಚೆ. ಕೂಲಿ ದಿನದ ಲೆಕ್ಕ. ಗಾಳಿ ಎದ್ದು ಟ್ರಿಪ್ ನಿಂತರೆ ಕೂಲಿ ಇಲ್ಲ. ಸೀಸನ್ ಅಕ್ಟೋಬರಿನಿಂದ ಮೇ ತನಕ, ಮಳೆ ಬಂತೆಂದರೆ ಬೋಟು ದಡಕ್ಕೆ, ಅವನು ಕಟ್ಟಡದ ಕೆಲಸಕ್ಕೆ. ಇನ್ನೊಬ್ಬ ಇದ್ದಾನೆ, ಅವನನ್ನು ಗಿರಾಕಿಗಳು ನೋಡೋದೇ ಇಲ್ಲ, ರಾತ್ರಿ ಕೂತು ಕಂಪ್ರೆಸರಿನಲ್ಲಿ ಸಿಲಿಂಡರ್ ತುಂಬೋನು. ಅವನು ಫಿಲ್ಟರ್ ಸರಿಯಾಗಿ ಬದಲಿಸದಿದ್ದರೆ, ಎಂಜಿನ್ ಹೊಗೆ ಒಳಗೆ ಸೇರಿದರೆ, ಕೆಳಗೆ ನಾವು ಉಸಿರಾಡೋದು ಆ ಹೊಗೆಯನ್ನೇ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಆಳಕ್ಕೆ ಹೋದಷ್ಟೂ ಅದರ ವಿಷ ಜೋರು. ಅಂಥ ಕೆಲಸ ಮಾಡೋನಿಗೆ ಟಿಪ್ ಕೊಡಬೇಕು ಅಂತ ಯಾರಿಗೆ ಹೊಳೆಯುತ್ತೆ?

ಈ ಸೆಂಟರಿನಲ್ಲಿ ಅದಕ್ಕೇ ಡಬ್ಬಿ ಇಟ್ಟಿದ್ದರು. ಆಫೀಸಿನ ಮೂಲೆಯಲ್ಲಿ, ಬೀಗ ಹಾಕಿದ್ದು. ಯಾರೂ ಕೇಳಲಿಲ್ಲ, ತೋರಿಸಲೂ ಇಲ್ಲ. ವಾರಕ್ಕೊಮ್ಮೆ ತೆಗೆದು ತಾಂಡೇಲ, ಖಲಾಸಿಗಳು, ಕಂಪ್ರೆಸರಿನವನು, ಡೈವ್ ಮಾಸ್ಟರ್ ಎಲ್ಲರಿಗೂ ಹಂಚುತ್ತಾರೆ ಅಂತ ಹುಡುಗನೇ ಹೇಳಿದ್ದು. ಹಂಚಿಕೆ ಸರಿ ಇರುತ್ತಾ ಅಂತ ಅಕ್ಕ ಬಿಡದೆ ಕೇಳಿದ್ದಾಳೆ. ಎಲ್ಲರ ಎದುರಿಗೇ ಎಣಿಸ್ತಾರ್ರೀ ಅಂದನಂತೆ.

ದಡಕ್ಕೆ ಬಂದ ಮೇಲೆ ಪುಣೆಯ ಹುಡುಗರು ಏನೂ ಹಾಕದೆ ಹೋದರು. ಹಡಗು ತೋರಿಸಲಿಲ್ಲ ಅನ್ನೋ ಕಾರಣಕ್ಕೆ. ನನಗೆ ಇದು ಪೂರ್ತಿ ಉಲ್ಟಾ ಅನಿಸುತ್ತೆ. ಮೀನು ಕಂಡಿತೋ ಇಲ್ಲವೋ, ನೀರು ತಿಳಿಯಾಗಿತ್ತೋ ಇಲ್ಲವೋ, ಅದು ಯಾರ ಕೈಯಲ್ಲೂ ಇಲ್ಲ. ಸೆಳವಿರುವ ಜಾಗದಲ್ಲಿ ಬೇಡ ಅನ್ನೋದು ಮಾತ್ರ ಅವಳ ಕೈಯಲ್ಲಿತ್ತು, ಗಿರಾಕಿ ಮುಖ ಗಂಟಿಕ್ಕುತ್ತಾರೆ ಅಂತ ಗೊತ್ತಿದ್ದೂ ಅಂದಳು. ಇಂಥ ದಿನ ಟಿಪ್ ಕಮ್ಮಿ ಮಾಡಿದರೆ ನಾಳೆ ಇನ್ನೊಬ್ಬ ಡೈವ್ ಮಾಸ್ಟರ್ ಸುಮ್ನೆ ಯಾಕೆ ಬೇಡ ಅನ್ನಲಿ ಅಂತ ಇಳಿಸಿಬಿಡ್ತಾನೆ.

ಅಳಿಯ ಡಬ್ಬಿಗೆ ಸಾವಿರ ಹಾಕಿದ, ನಾನು ಐನೂರು. ಅವನ ಲೆಕ್ಕ ಟ್ರಿಪ್ಪಿನ ಹಣದ ಹತ್ತನೇ ಒಂದು ಪಾಲಿಗಿಂತ ಮೇಲೆ, ನನ್ನದು ಅದಕ್ಕಿಂತ ಸ್ವಲ್ಪ ಕೆಳಗೆ. ನಮ್ಮ ದೇಶದಲ್ಲಿ ಇದಕ್ಕೆ ಇಷ್ಟು ಅಂತ ಗೊತ್ತುಪಡಿಸಿದ ದರ ಇಲ್ಲ, ಇರಲೂಬಾರದು. ನನ್ನ ಪ್ರಕಾರ ಇಡೀ ದಿನದ ಟ್ರಿಪ್ಪಿಗೆ ತಲೆಗೆ 300ರಿಂದ 500 ಮರ್ಯಾದೆಯ ಮೊತ್ತ. ಕಾಲೇಜು ಹುಡುಗರು ನೂರು ಹಾಕಿದರೂ ಯಾರೂ ಕೊಂಕು ತೆಗೆಯಬಾರದು.

ಅಕ್ಕ ಮಾತ್ರ ಡಬ್ಬಿಯ ಹತ್ತಿರವೂ ಹೋಗಲಿಲ್ಲ. ಹುಡುಗನನ್ನು ಕರೆದು ಇನ್ನೂರರ ನೋಟು ಮಡಚಿ ಕೈಯೊಳಗೆ ಇಟ್ಟಳು. ಬ್ಯಾಡ್ರಿ ಅಕ್ಕಾರ ಅಂದ. ತಂಗಿಗೆ ಏನರ ತಗೊಂಡು ಹೋಗು ಅಂದಳು. ಅಳಿಯನಿಗೆ ಇದು ಸರಿ ಬರಲಿಲ್ಲ.

"ಅಮ್ಮಾ, ಡಬ್ಬಿಗೆ ಹಾಕಿದ್ರ ಎಲ್ಲಾರಿಗೂ ಹೋಗ್ತದ. ಒಬ್ಬನಿಗೇ ಕೊಟ್ರ ಉಳಿದವ್ರಿಗೆ?"

"ಡಬ್ಬಿ ನೀ ನೋಡ್ಕೋ. ಊರ ಹುಡುಗನ ಕೈಗೆ ನಾ ಕೊಡ್ತೀನಿ."

ಇಬ್ಬರದ್ದೂ ಸರಿ ಅಂತ ನನಗೆ ಅನಿಸಿತು. ಡಬ್ಬಿ ಇಲ್ಲದ ಕಡೆ ಮಾತ್ರ ಅಕ್ಕನ ದಾರಿಯೇ ವಾಸಿ: ತಾಂಡೇಲನಿಗೆ, ಸಿಲಿಂಡರ್ ಹೊತ್ತವರಿಗೆ ಬೇರೆ ಬೇರೆಯಾಗಿ, ಕೈಗೇ, ನೋಟಿನಲ್ಲೇ. ಕ್ಯೂಆರ್ ಇದ್ದರೆ ಯಾರ ಹೆಸರು ತೆರೆಯುತ್ತೆ ನೋಡಿ ಆಮೇಲೆ ಒತ್ತಿ. ಮತ್ತೆ ನೋಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ, ನನ್ನ ಚಡ್ಡಿ ಜೇಬಿನಲ್ಲಿದ್ದ ನೂರರ ನೋಟು ಮುದ್ದೆಯಾಗಿ ಹೋಗಿತ್ತು.

ಭಾನುವಾರ: ಕಾಯೋ ದಿನ

ಅಳಿಯನಿಗೆ ಇನ್ನೊಂದು ಡೈವ್ ಮಾಡೋ ಆಸೆ, ಆದರೆ ಸೋಮವಾರ ಬೆಳಿಗ್ಗೆ ದಾಬೋಲಿಮ್‌ನಿಂದ ಅವನ ವಿಮಾನ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದರೆ ವಿಮಾನ ಹತ್ತೋಕೆ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು, ಮೈಯಲ್ಲಿ ಸೇರಿಕೊಂಡ ನೈಟ್ರೋಜನ್ ಹೋಗೋಕೆ. ಘಾಟ್ ಹತ್ತೋದೂ ಎತ್ತರಕ್ಕೆ ಏರೋದೇ, ಅದಕ್ಕೂ ಇದೇ ಎಚ್ಚರ ಅಂತ ಸೆಂಟರಿನಲ್ಲಿ ಹೇಳಿದ್ದರು. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿದೆ. ಬೆಳಿಗ್ಗೆ ಡೈವ್ ಮಾಡಿ ಸಂಜೆಗೆ ಕಾರಿನಲ್ಲಿ ಘಾಟ್ ಹತ್ತೋ ನಮ್ಮ ಕಡೆಯ ಜನ ಇದನ್ನು ಯೋಚಿಸೋದೇ ಇಲ್ಲ.

ಹಾಗಾಗಿ ಭಾನುವಾರ ವಾಸ್ಕೋ ಮೀನು ಮಾರ್ಕೆಟ್, ಮಧ್ಯಾಹ್ನ ಮೀನಿನ ಥಾಲಿ, ಎರಡೆರಡು ಲೋಟ ಸೋಲ್ ಕಡಿ. ಊಟದ ಜೊತೆಗೆ ಮತ್ತೆ ಅದೇ ಮಾತು. ಭಾವನದು ಒಂದೇ ಪಾಯಿಂಟು, ಮಾಲೀಕ ಸರಿಯಾಗಿ ಕೂಲಿ ಕೊಟ್ಟರೆ ಟಿಪ್ ಯಾಕೆ ಬೇಕು, ನಾವು ಟಿಪ್ ಕೊಟ್ಟಷ್ಟೂ ಅವನು ಕೂಲಿ ಏರಿಸೋದಿಲ್ಲ. ತೆಗೆದುಹಾಕೋ ಮಾತಲ್ಲ ಇದು. ಅಳಿಯನೇ ಒಪ್ಪಿದ, ಅಮೆರಿಕದಲ್ಲಿ ಆಗಿದ್ದು ಹಾಗೇ ಅಂತ. ಆದರೆ ಗಾಳಿ ಎದ್ದ ದಿನ ಆ ಹುಡುಗನಿಗೆ ಕೂಲಿ ಇಲ್ಲದಿರೋದು ನಿಜ, ಇನ್ನೂರು ರೂಪಾಯಿ ಸಿಕ್ಕಿದ್ದೂ ನಿಜ. ಮಾಲೀಕನ ಜೊತೆ ಜಗಳ ಆಡೋ ತನಕ ಹುಡುಗ ಕಾಯಬೇಕಾ ಅಂತ ಅಕ್ಕ ಕೇಳಿದಳು. ಭಾವ ಬಂಗುಡೆಯ ಮುಳ್ಳು ಬಿಡಿಸೋದರಲ್ಲಿ ಮಗ್ನರಾದರು.

ಸಂಜೆ ಬೀಚಿನಲ್ಲಿ ಕೂತಿದ್ದಾಗ ಭಾವ ಫೋನ್ ಹಿಡಿದು ಯಾರ ಹತ್ತಿರವೋ ಮಾತಾಡ್ತಾ ಇದ್ದರು. ಮುರುಡೇಶ್ವರದ ಡೈವ್ ಸೆಂಟರಿಗೆ. ಅಲ್ಲಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರು, ನೀರು ಗೋವಾಕ್ಕಿಂತ ತಿಳಿ, ನಮ್ಮದೇ ರಾಜ್ಯ. ಏಪ್ರಿಲಿನಲ್ಲಿ ಹೋಗೋ ವಿಚಾರ ಅವರದು. ಸ್ಪೀಕರ್ ಆನ್ ಮಾಡಿದ್ದರು. ರೇಟು ಕೇಳೋ ಮುಂಚೆಯೇ ಕೇಳಿದರು:

"ಅಲ್ರೀ, ನಿಮ್ಮಲ್ಲಿ ಬೋಟಿನ ಹುಡುಗರಿಗೆ ಟಿಪ್ ಡಬ್ಬಿ ಅದನೋ, ಕೈಗೇ ಕೊಡಬೇಕೋ?"

ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಅದೆಲ್ಲ ಆಮೇಲೆ ನೋಡ್ವ ಮಾರಾಯ್ರೆ. ನಿಮ್ಗೆ ವಯಸ್ಸೆಷ್ಟು, ಬಿಪಿ ಶುಗರ್ ಏನಾದ್ರೂ ಉಂಟಾ, ಅದು ಮೊದ್ಲು ಹೇಳಿ."